ಬೇಸ್‌ಮೆಂಟಿನ ನೀರಿಗೆ ಯಾವ ಪಂಪ್? ಅಂಗಡಿಗೆ ಹೋಗುವ ಮೊದಲು ಮಾಡಬೇಕಾದ ಲೆಕ್ಕ

ಆಯುಧಪೂಜೆಯ ಮರುದಿನ ರಾತ್ರಿ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ನೀರು ಬಂದು ಸೇರಲೆಂದು ತೋಡಿದ ಗುಂಡಿಯಲ್ಲಿ ಪಂಪ್ ಇತ್ತು, ಕರೆಂಟೂ ಇತ್ತು. ಮೋಟಾರ್ ಮಾತ್ರ ಸದ್ದಿಲ್ಲದೆ ಕುಳಿತಿತ್ತು. ಬೆಳಿಗ್ಗೆ ಮುಚ್ಚಳ ತೆಗೆಸಿ ನೋಡಿದರೆ ಬಾಳೆಕಂದಿನ ನಾರು, ನೀರಿನ ಜೊತೆ ಮೇಲೆದ್ದು ಮೋಟಾರನ್ನು ಶುರುಮಾಡುವ ಫ್ಲೋಟ್ ಸ್ವಿಚ್ಚಿನ ವೈರಿಗೆ ಜಡೆಯಂತೆ ಹೆಣೆದುಕೊಂಡು, ಫ್ಲೋಟನ್ನು ಮೇಲೇಳಲು ಬಿಡದೆ ತಳದಲ್ಲೇ ಹಿಡಿದಿಟ್ಟಿತ್ತು. ಜೊತೆಗೆ ಚೆಂಡುಹೂವಿನ ಎಸಳು, ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾದ ನಿಂಬೆಹಣ್ಣು, ಕುಂಕುಮ ಮೆತ್ತಿದ ಕುಂಬಳಕಾಯಿ ಹೋಳು. ಹದಿನಾರು ಮನೆಯವರೂ ಕಾರು, ಸ್ಕೂಟರುಗಳಿಗೆ ಭಕ್ತಿಯಿಂದ ಪೂಜೆ ಮಾಡಿದ್ದೆವು. ಆ ಹಬ್ಬಕ್ಕೆ ನಿಜವಾಗಿ ಹಕ್ಕುದಾರನಾಗಿದ್ದ ಪಂಪ್ ಯಾರಿಗೂ ನೆನಪಾಗಿರಲಿಲ್ಲ.

ಸಂಘದ ಕಾರ್ಯದರ್ಶಿಯಾಗಿದ್ದ ತಪ್ಪಿಗೆ ಹೊಸ ಪಂಪ್ ಆರಿಸುವ ಕೆಲಸ ನನ್ನ ತಲೆಗೆ ಬಂತು. ಜೆ.ಪಿ. ನಗರದಲ್ಲಿ ಕೆರೆಯೊಂದಕ್ಕೆ ಕೂಗಳತೆಯಲ್ಲಿರುವ ಕಟ್ಟಡ ನಮ್ಮದು. ನೀರಿನ ಪಾಠ ಪುಕ್ಕಟೆಯಾಗಿಯೇ ಸಿಗುತ್ತದೆ. ಮೊದಲು ಹೋದ ಅಂಗಡಿಯವರು ಒಂದೇ ಮಾತಿನಲ್ಲಿ ಮುಗಿಸಿದರು: "ಎರಡು ಎಚ್‌ಪಿ ಹಾಕಿಸಿ ಸಾರ್, ನಿಶ್ಚಿಂತೆಯಾಗಿ ಮಲಗಬಹುದು." ನಮ್ಮ ನೀರು ಎಷ್ಟು, ಅದನ್ನು ಎಷ್ಟು ಎತ್ತರಕ್ಕೆ ಏರಿಸಬೇಕು ಎಂದು ಅವರು ಕೇಳಲಿಲ್ಲ. ನನಗೂ ಗೊತ್ತಿರಲಿಲ್ಲ. ಈ ಎರಡು ಸಂಖ್ಯೆಗಳಿಲ್ಲದೆ ಪಂಪ್ ಕೊಳ್ಳುವುದೆಂದರೆ ಅಳತೆ ಕೊಡದೆ ಅಂಗಿ ಹೊಲಿಸಿದ ಹಾಗೆ.

ಮೊದಲು ಹೆಸರಿನ ಗೊಂದಲ

ಬೆಂಗಳೂರಿನಲ್ಲಿ "ಸಂಪ್" ಎಂದರೆ ಕಾವೇರಿ ನೀರನ್ನೋ ಟ್ಯಾಂಕರ್ ನೀರನ್ನೋ ತುಂಬಿಸಿಕೊಳ್ಳುವ ನೆಲದಡಿಯ ತೊಟ್ಟಿ. "ಸಂಪ್ ಪಂಪ್ ಕೊಡಿ" ಎಂದು ಕೇಳಿದರೆ ಅಂಗಡಿಯವರು ತೊಟ್ಟಿಯ ಶುದ್ಧ ನೀರನ್ನು ತಾರಸಿಗೆ ಏರಿಸುವ ಮೋಟಾರನ್ನೇ ಮುಂದಿಡುತ್ತಾರೆ. ಅವರ ತಪ್ಪೇನೂ ಇಲ್ಲ. ನಮಗೆ ಬೇಕಾದದ್ದನ್ನು ಎಸ್‌.ಪಿ. ರಸ್ತೆ, ಎಸ್‌.ಜೆ.ಪಿ. ರಸ್ತೆಗಳ ಅಂಗಡಿಗಳಲ್ಲಿ "ಡಿವಾಟರಿಂಗ್ ಪಂಪ್" ಎನ್ನುತ್ತಾರೆ. ಮಣ್ಣು, ಎಲೆಚೂರು ಬೆರೆತ ನೀರನ್ನು ಮುಳುಗಿದ್ದುಕೊಂಡೇ ಹೊರದೂಡುವ ಸಬ್‌ಮರ್ಸಿಬಲ್ ಅದು.

ಹೆಜ್ಜೆ 1: ನೀರು ಎಲ್ಲಿಂದ ಬರುತ್ತಿದೆ?

ಬೇಸ್‌ಮೆಂಟಿಗೆ ನೀರು ಮೂರು ದಾರಿಗಳಲ್ಲಿ ಬರುತ್ತದೆ, ಒಂದೊಂದಕ್ಕೂ ಮದ್ದು ಬೇರೆ. ಮಳೆ ಬಿದ್ದ ಹತ್ತು ನಿಮಿಷದಲ್ಲಿ ಕೆಂಪು ನೀರು ತುಂಬಿ, ಮಳೆ ನಿಂತ ಮೇಲೆ ಏರಿಕೆಯೂ ನಿಂತರೆ ಅದು ವಾಹನ ಇಳಿಯುವ ಇಳಿಜಾರಿನಿಂದ ಬಂದದ್ದು. ಮಳೆ ನಿಂತು ಎರಡು ಮೂರು ದಿನವಾದರೂ ಗುಂಡಿಗೆ ತಿಳಿನೀರು ಜಿನುಗುತ್ತಲೇ ಇದ್ದರೆ ಅದು ಅಂತರ್ಜಲ. ನಮ್ಮ ನಗರದ ಅಡಿಯಲ್ಲಿರುವುದು ಗಟ್ಟಿ ಕಲ್ಲು. ಮೇಲಿನ ಮಣ್ಣಿನಲ್ಲಿ ಇಳಿದ ನೀರು ಕಲ್ಲಿಗೆ ತಾಗಿ, ಅದರ ಮೇಲೆಯೇ ಅಡ್ಡಕ್ಕೆ ಹರಿದು, ಅಗೆದ ಕಡೆ ಹೊರಬೀಳುತ್ತದೆ. ಕೆರೆಯ ಪಕ್ಕ, ಹಳೆಯ ಕೆರೆ ಅಂಗಳ ಅಥವಾ ರಾಜಕಾಲುವೆಯ ಅಂಚಿನ ಬಡಾವಣೆಗಳಲ್ಲಿ ಇದು ತಿಂಗಳುಗಟ್ಟಲೆ ನಡೆಯುವುದುಂಟು.

ಮೂರನೆಯದು ವಾಸನೆಯಿಂದಲೇ ಗೊತ್ತಾಗುತ್ತದೆ. ಜೋರು ಮಳೆಗೆ ಬೀದಿಯ ಮ್ಯಾನ್‌ಹೋಲ್ ಉಕ್ಕಿದಾಗ ಒಳಚರಂಡಿ ಕೊಳವೆಯಲ್ಲಿ ಕೊಳಕು ನೀರು ಹಿಂದಕ್ಕೆ ನುಗ್ಗುತ್ತದೆ. ಇದಕ್ಕೆ ಪಂಪ್ ಮದ್ದಲ್ಲ. ಒಳಚರಂಡಿ ಸಂಪರ್ಕದ ಮೇಲೆ ಹಿಮ್ಮುಖ ಹರಿವು ತಡೆಯುವ ಕವಾಟ ಕೂರಿಸಬೇಕು.

ಇನ್ನೊಂದು ಕಹಿ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. 2022ರ ಸೆಪ್ಟೆಂಬರ್ 5ರ ಬೆಳಿಗ್ಗೆಗೆ ಕೊನೆಗೊಂಡ 24 ಗಂಟೆಗಳಲ್ಲಿ ನಗರದಲ್ಲಿ 131.6 ಮಿ.ಮೀ. ಮಳೆ ದಾಖಲಾಯಿತು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ರಸ್ತೆಗಳೇ ಹೊಳೆಯಾದವು. ರಸ್ತೆಯೇ ಮುಳುಗಿದಾಗ ಯಾವ ಪಂಪೂ ಗೆಲ್ಲುವುದಿಲ್ಲ. ಹೊರಗೆ ಚೆಲ್ಲಿದ ನೀರು ಇಳಿಜಾರಿನಲ್ಲಿ ತಿರುಗಿ ಒಳಗೇ ಬರುತ್ತದೆ. ನಿಮ್ಮ ಗೇಟಿನ ಮುಂದೆ ನೀರು ನಿಲ್ಲುವ ಇತಿಹಾಸವಿದ್ದರೆ ಇಳಿಜಾರಿನ ತಲೆಯಲ್ಲಿ ಕಾಂಕ್ರೀಟಿನ ಉಬ್ಬು, ಅದರ ಮೇಲೆ ಮಳೆಗಾಲಕ್ಕೆ ಕೂರಿಸುವ ಅಡ್ಡಹಲಗೆ ಮೊದಲಾಗಲಿ, ಪಂಪ್ ಆಮೇಲೆ.

ಹೆಜ್ಜೆ 2: ನೀರನ್ನು ಅಳೆಯಿರಿ

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇಷ್ಟು ನೆನಪಿದ್ದರೆ ಸಾಕು. ನಮ್ಮ ಇಳಿಜಾರು 5 ಮೀಟರ್ ಅಗಲ, 14 ಮೀಟರ್ ಉದ್ದ; ಅದರತ್ತ ವಾಲಿಕೊಂಡಿರುವ ಗೇಟಿನ ಅಂಗಳ ಇನ್ನೊಂದು 30 ಚದರ ಮೀಟರ್. ಒಟ್ಟು 100. ಕಾಲು ಗಂಟೆಯ ಬಿರುಮಳೆ ಗಂಟೆಗೆ 100 ಮಿ.ಮೀ. ವೇಗದಲ್ಲಿ ಸುರಿಯುತ್ತದೆ ಎಂದು ನಾನು ಹಿಡಿದೆ. ಗಂಟೆಗೆ 10,000 ಲೀಟರ್, ಅಂದರೆ ನಿಮಿಷಕ್ಕೆ ಸುಮಾರು 167 ಲೀಟರ್. ತಾರಸಿಯ ನೀರಿನ ಕೊಳವೆ ಬೇಸ್‌ಮೆಂಟಿನ ಚರಂಡಿಗೇ ಬಿದ್ದಿದ್ದರೆ ಅದನ್ನೂ ಸೇರಿಸಬೇಕು. ಅದಕ್ಕಿಂತ ಆ ಕೊಳವೆಯನ್ನು ಮಳೆನೀರು ಕೊಯ್ಲಿನ ತೊಟ್ಟಿಗೆ ತಿರುಗಿಸುವುದು ಜಾಣತನ. ಹೊರಹಾಕಬೇಕಾದ ನೀರು ಕಡಿಮೆಯಾದಷ್ಟೂ ಪಂಪ್ ಅಗ್ಗವಾಗುತ್ತದೆ.

ಜಿನುಗುವ ನೀರಿನ ಅಳತೆ ಇನ್ನೂ ಸುಲಭ. ಮಳೆಯಿಲ್ಲದ ದಿನ ಗುಂಡಿಯನ್ನು ಖಾಲಿ ಮಾಡಿ, ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದು, ಗಡಿಯಾರ ನೋಡುತ್ತಾ ಕೂರಬೇಕು. ನಮ್ಮ ಗುಂಡಿ 1.2 ಮೀಟರ್ ಚೌಕ. 10 ಸೆಂಟಿಮೀಟರ್ ಏರಲು ಹನ್ನೆರಡು ನಿಮಿಷ ಹಿಡಿಯಿತು: 144 ಲೀಟರನ್ನು 12ರಿಂದ ಭಾಗಿಸಿದರೆ ನಿಮಿಷಕ್ಕೆ 12 ಲೀಟರ್. ಮಳೆಗಾಲದ ಕೊನೆಯಲ್ಲಿ, ಹಸ್ತ ಚಿತ್ತೆ ಮಳೆಗಳ ನಡುವೆ ಅಳೆದರೆ ನಿಜವಾದ ಸಂಖ್ಯೆ ಸಿಗುತ್ತದೆ. ಮಾರ್ಚ್‌ನಲ್ಲಿ ಅಳೆದರೆ ಮೋಸಹೋಗುತ್ತೀರಿ.

ಎರಡೂ ಸೇರಿ ಸುಮಾರು 180. ಕಸ, ಸವೆತ, ವೋಲ್ಟೇಜ್ ಕುಸಿತಗಳಿಗೆಂದು ಅದರ ಅರ್ಧದಷ್ಟು ಸೇರಿಸಿದೆ: ನಿಮಿಷಕ್ಕೆ 270 ಲೀಟರ್.

ಹೆಜ್ಜೆ 3: ಎತ್ತರ ಮತ್ತು ಪೈಪು

ಪಂಪಿನ ಫಲಕದಲ್ಲಿ "ಹೆಡ್" ಎಂದಿರುವುದು ನೀರನ್ನು ಏರಿಸುವ ಎತ್ತರ. ಗುಂಡಿಯ ತಳದಿಂದ ಪೈಪು ಹಾಯ್ದು ಹೋಗುವ ಅತಿ ಎತ್ತರದ ಜಾಗದವರೆಗೆ ಅಳೆಯಬೇಕು. ನಮ್ಮಲ್ಲಿ ಗುಂಡಿ 1.5, ಬೇಸ್‌ಮೆಂಟ್ ನೆಲದಿಂದ ರಸ್ತೆಗೆ 3.2, ಕಾಂಪೌಂಡ್ ಕಟ್ಟೆ ದಾಟಲು 0.6, ಒಟ್ಟು 5.3 ಮೀಟರ್.

ಇಲ್ಲಿಗೆ ನಿಲ್ಲಿಸಿದವರೇ ಹೆಚ್ಚು ಮೋಸಹೋಗುವುದು. ನೀರು ಪೈಪಿನೊಳಗೆ ಉಜ್ಜಿಕೊಂಡು ಹೋಗುತ್ತದೆ. ಆ ಘರ್ಷಣೆಯೂ ಎತ್ತರವೇ. ನಮ್ಮ 30 ಮೀಟರ್ ಪೈಪು, ಐದು ಮೊಣಕೈ (ಪೈಪಿನ ತಿರುವು), ಒಂದು ಕವಾಟಕ್ಕೆ ನಿಮಿಷಕ್ಕೆ 270 ಲೀಟರಿನಂತೆ ಲೆಕ್ಕ ಹಾಕಿದಾಗ ಒಂದೂವರೆ ಇಂಚಿನ ಪೈಪಿನಲ್ಲಿ ಸುಮಾರು 12 ಮೀಟರ್ ನಷ್ಟ. ಎರಡು ಇಂಚಿನಲ್ಲಿ ಸುಮಾರು 4. ಎರಡೂವರೆ ಇಂಚಿನಲ್ಲಿ ಒಂದು ಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಹಳೆಯ ಪ್ಲಂಬರ್ ನಮಗೆ ಒಂದೂವರೆ ಇಂಚು ಹಾಕಿ ಹೋಗಿದ್ದರು. ಏರಬೇಕಾದ ಎತ್ತರಕ್ಕಿಂತ ಎರಡು ಪಟ್ಟು ಹೆಚ್ಚನ್ನು ಪೈಪೇ ನುಂಗುವಂತಿತ್ತು! ಆ ಪೈಪಿಗೆ ಎರಡು ಎಚ್‌ಪಿ ಕೂರಿಸಿದ್ದರೆ ಕರೆಂಟ್ ಬಿಲ್ ಏರುತ್ತಿತ್ತು, ನೀರು ಏರುತ್ತಿರಲಿಲ್ಲ.

ಎರಡು ಇಂಚಿಗೆ ನಮ್ಮ ಒಟ್ಟು ಹೆಡ್ ಸುಮಾರು 9 ಮೀಟರ್, ಎರಡೂವರೆ ಇಂಚಿಗೆ 6.5. ಮೊದಲನೆಯದಕ್ಕೆ ಒಂದೂವರೆ ಎಚ್‌ಪಿಯ ಹತ್ತಿರ ಬೇಕು, ಎರಡನೆಯದಕ್ಕೆ ಒಂದು ಎಚ್‌ಪಿ ಸಾಕು. ನಾವು ದಪ್ಪ ಪೈಪಿಗೇ ಹಣ ಹಾಕಿದೆವು. ಪಂಪಿನ ಬಾಯಿ ಎರಡು ಇಂಚಿದ್ದರೆ ಪೈಪನ್ನು ಅದಕ್ಕಿಂತ ಕಿರಿದು ಮಾಡಲೇಬೇಡಿ, ಹಿರಿದು ಮಾಡಬಹುದು.

ಈಗ ಅಂಗಡಿಗೆ ಹೋಗಿ. ಪೆಟ್ಟಿಗೆಯ ಮೇಲೆ ಗರಿಷ್ಠ ಹೆಡ್ 14 ಮೀಟರ್, ಗರಿಷ್ಠ ಹರಿವು 400 ಲೀಟರ್ ಎಂದು ಬರೆದಿರುತ್ತಾರೆ. ಈ ಎರಡೂ ಒಟ್ಟಿಗೆ ಎಂದೂ ಸಿಗುವುದಿಲ್ಲ. ಗರಿಷ್ಠ ಹೆಡ್ಡಿನಲ್ಲಿ ನೀರು ಹನಿಯೂ ಬೀಳದು. ಗರಿಷ್ಠ ಹರಿವು ಎತ್ತರವೇ ಇಲ್ಲದಾಗಿನ ಮಾತು. ಕೇಳಬೇಕಾದ ಪ್ರಶ್ನೆ ಒಂದೇ: "ಆರೂವರೆ ಮೀಟರ್ ಹೆಡ್ಡಿಗೆ ನಿಮಿಷಕ್ಕೆ ಎಷ್ಟು ಲೀಟರ್ ಕೊಡುತ್ತದೆ? ಪಟ್ಟಿ ತೋರಿಸಿ." ಕಿರ್ಲೋಸ್ಕರ್, ಕೆಎಸ್‌ಬಿ, ಕೊಯಮತ್ತೂರಿನ ಸಿಆರ್‌ಐ ಮೊದಲಾದ ಕಂಪನಿಗಳು ಹೆಡ್ಡಿಗೆ ತಕ್ಕ ಹರಿವಿನ ಪಟ್ಟಿಯನ್ನು ಮುದ್ರಿಸಿಯೇ ಕೊಡುತ್ತವೆ. ಪಟ್ಟಿ ತೋರಿಸದ ಅಂಗಡಿಯಿಂದ ಎದ್ದು ಬನ್ನಿ.

ಹೆಜ್ಜೆ 4: ಯಾವ ಜಾತಿಯ ಪಂಪ್?

ಕೆಲವು ಕಟ್ಟಡಗಳಲ್ಲಿ ಗುಂಡಿಯ ಪಕ್ಕ ಸಾಮಾನ್ಯ ಮೊನೊಬ್ಲಾಕ್ ಮೋಟಾರ್ (ಮೋಟಾರೂ ಪಂಪೂ ಒಂದೇ ಒಡಲಲ್ಲಿದ್ದು, ನೀರಿನ ಹೊರಗೆ ಕೂರುವಂಥದ್ದು) ಇಟ್ಟಿರುತ್ತಾರೆ. ಅದರ ಮೇಲೆ ಐಎಸ್‌ಐ ಗುರುತೂ ಇರಬಹುದು. ಆದರೆ ಮೊನೊಬ್ಲಾಕಿನ ಮಾನದಂಡವಾದ ಐಎಸ್ 9079 ಬರೆದಿರುವುದೇ ಸ್ವಚ್ಛವಾದ ತಣ್ಣನೆಯ ನೀರಿಗೆ. ಕೆಸರು ಅದರ ಪಾಲಿಗೆ ವಿಷ. ಅಲ್ಲದೆ ಅದನ್ನು ಬೇಸ್‌ಮೆಂಟಿನಲ್ಲೇ ಇಟ್ಟರೆ ನೀರು ಏರಿದ ದಿನ ಮೊದಲು ಮುಳುಗುವುದು ಅದೇ. ನೆಲಮಹಡಿಯಲ್ಲಿಟ್ಟು ಮೇಲಿನಿಂದ ಎಳೆಯೋಣವೆಂದರೆ ನಮ್ಮ ಊರಿನ ಎತ್ತರ ಅಡ್ಡ ಬರುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ನೀರನ್ನು ಹೆಚ್ಚೆಂದರೆ 10.3 ಮೀಟರ್ ಎತ್ತಬಲ್ಲದು. 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಅದು ಸುಮಾರು ಒಂದು ಮೀಟರ್ ಕಡಿಮೆ. ಎಳೆಯುವ ಪೈಪಿನ ತುದಿಯಲ್ಲಿ ನೀರು ಹಿಡಿದಿಡಬೇಕಾದರೂ ಸೋರುವ ಫುಟ್‌ವಾಲ್ವ್, ಪೈಪಿನ ಘರ್ಷಣೆ ಕಳೆದರೆ ಐದಾರು ಮೀಟರಿಗೇ ಉಸಿರು ಕಟ್ಟುತ್ತದೆ. ಮುಳುಗಿದ್ದು ನೀರನ್ನು ಮೇಲಕ್ಕೆ ದೂಡುವ ಸಬ್‌ಮರ್ಸಿಬಲ್ಲಿಗೆ ಈ ತಾಪತ್ರಯವಿಲ್ಲ.

ತೆರೆದ ಬಾವಿ, ತೊಟ್ಟಿಗಳಲ್ಲಿ ಮುಳುಗಿಸಿಡುವ ಓಪನ್‌ವೆಲ್ ಸಬ್‌ಮರ್ಸಿಬಲ್ ಕೂಡ ಬೇಡ. ಅದರ ಇಂಪೆಲ್ಲರಿನ (ನೀರನ್ನು ದೂಡುವ ಚಕ್ರದ) ಸಂದುಗಳು ಕಿರಿದು. ಡಿವಾಟರಿಂಗ್ ಪಂಪಿನಲ್ಲಿ ಎಷ್ಟು ಮಿಲಿಮೀಟರ್ ಗಾತ್ರದ ಕಸ ಹಾದುಹೋಗುತ್ತದೆ ಎಂದು ಬರೆದಿರುತ್ತದೆ. ಇಳಿಜಾರಿನ ನೀರಿಗೆ 10–12 ಮಿ.ಮೀ. ಸಾಕು. ಶೌಚಾಲಯದ ನೀರೂ ಅದೇ ಗುಂಡಿಗೆ ಬರುವುದಾದರೆ ಅದು ಬೇರೆ ಜಾತಿ. ಕತ್ತರಿಸುವ ಅಲಗಿರುವ ಸೀವೇಜ್ ಪಂಪ್ ಬೇಕು. ಅಂಥ ಗುಂಡಿಗೆ ಯಾರನ್ನೂ ಇಳಿಸಬೇಡಿ, ಪಂಪನ್ನು ಸರಪಳಿಯಿಂದ ಮೇಲಕ್ಕೆತ್ತಿ.

ಒಡಲು ಎರಕದ ಕಬ್ಬಿಣದ್ದೋ ಸ್ಟೀಲಿನದ್ದೋ ಆಗಿರಲಿ. ಮೋಟಾರಿನೊಳಗೆ ನೀರು ನುಗ್ಗದಂತೆ ತಡೆಯುವ ಮೆಕ್ಯಾನಿಕಲ್ ಸೀಲ್ ಜೋಡಿಯಾಗಿ, ನಡುವೆ ಎಣ್ಣೆಯ ಕೋಣೆಯೊಂದಿಗೆ ಇದ್ದರೆ ಮಣ್ಣಿನ ನೀರಿಗೆ ಬಾಳಿಕೆ ಹೆಚ್ಚು. ಮೋಟಾರ್ ಪೂರ್ತಿ ಮುಳುಗದೆ ಎಷ್ಟು ಹೊತ್ತು ಓಡಬಹುದು ಎಂದೂ ಕೇಳಿ. ಮುಳುಗಿದ ನೀರೇ ಅದನ್ನು ತಂಪಾಗಿಡುವುದು. ಕೇಬಲ್ಲಿನ ಉದ್ದ ನೋಡಲು ಬಹಳ ಜನ ಮರೆಯುತ್ತಾರೆ. ಗುಂಡಿಯೊಳಗೆ ಜೋಡಣೆ ಇರಲೇಬಾರದು.

ಸ್ವಂತ ಮನೆಯ ಸಣ್ಣ ನೆಲಮಾಳಿಗೆಗಾದರೆ ಇಷ್ಟೆಲ್ಲ ಬೇಡ. ಅಂತರ್ಜಲ ಮಾತ್ರ ಜಿನುಗುತ್ತಿದ್ದರೆ ಫ್ಲೋಟ್ ಜೊತೆಗೇ ಬರುವ ಅರ್ಧ ಎಚ್‌ಪಿ ಪಂಪ್ ಸಾಕಾಗುತ್ತದೆ.

ಹೆಜ್ಜೆ 5: ಫ್ಲೋಟ್, ಕರೆಂಟು, ಜೋಡಿ ಪಂಪ್

ನಾನು ಕಂಡಂತೆ ಪಂಪ್ ಕೆಟ್ಟು ಬೇಸ್‌ಮೆಂಟ್ ಮುಳುಗಿದ್ದು ಕಡಿಮೆ. ಫ್ಲೋಟ್ ಸಿಕ್ಕಿಹಾಕಿಕೊಂಡು, ಕರೆಂಟ್ ಹೋಗಿ, ಜಾಲರಿ ಕಟ್ಟಿಕೊಂಡು ಮುಳುಗಿದ್ದೇ ಹೆಚ್ಚು. ಆದ್ದರಿಂದ ದುಬಾರಿ ಪಂಪ್ ಒಂದರ ಬದಲು ಮಧ್ಯಮ ದರದ ಎರಡನ್ನು ಕೊಳ್ಳಿ ಎನ್ನುತ್ತೇನೆ. ಪ್ಯಾನೆಲ್ಲಿನಲ್ಲಿ ಸರದಿ ವ್ಯವಸ್ಥೆ ಹಾಕಿಸಿದರೆ ಒಂದು ಸಲ ಇದು, ಮುಂದಿನ ಸಲ ಅದು ಓಡುತ್ತದೆ. ಮೂಲೆಯಲ್ಲಿ ಕುಳಿತ ಎರಡನೆಯ ಪಂಪ್ ತುಕ್ಕು ಹಿಡಿಯುವುದಿಲ್ಲ. ನೀರು ಮಿತಿ ಮೀರಿದರೆ ಎರಡೂ ಓಡಲಿ.

ವೈರಿನ ತುದಿಯಲ್ಲಿ ತೇಲುವ ಫ್ಲೋಟಿಗೆ ಆಡಲು ಜಾಗ ಬೇಕು. ಪಂಪಿನ ಹಿಡಿಕೆಗೆ ಕಟ್ಟಿದ ಫ್ಲೋಟ್ ಗೋಡೆಗೆ ತಗುಲಿ ನಿಲ್ಲುತ್ತದೆ. ಬೇರೆ ಕಂಬಿಗೆ ಕಟ್ಟಿಸಿ. ಎರಡೂ ಪಂಪಿನ ಮಟ್ಟಗಳಿಗಿಂತ ಮೇಲೆ ಇನ್ನೊಂದು ಫ್ಲೋಟ್ ಇಟ್ಟು, ಬ್ಯಾಟರಿಯಿಂದ ಕೂಗುವ ಗಂಟೆಯನ್ನು ವಾಚ್‌ಮನ್ ಕೋಣೆಯಲ್ಲಿ ಕೂರಿಸಿ. ಇದಕ್ಕೆ ತಗಲುವ ಖರ್ಚು ಅತ್ಯಲ್ಪ.

ಜೋರು ಮಳೆಗೂ ಕರೆಂಟ್ ಹೋಗುವುದಕ್ಕೂ ಇರುವ ನಂಟು ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಜನರೇಟರ್ ಇದೆ ಎಂದು ನೆಮ್ಮದಿಯಾಗಿರಬೇಡಿ. ನಮ್ಮಲ್ಲಿ ಅದು ಲಿಫ್ಟು, ಮೆಟ್ಟಿಲ ದೀಪಗಳಿಗೆ ಮಾತ್ರ ಇತ್ತು. ಪಂಪಿನ ಪ್ಯಾನೆಲ್ಲಿಗೆ ಎಳೆದೇ ಇರಲಿಲ್ಲ. ಬಿಸಿಲಿನ ಭಾನುವಾರ ಮೇನ್ ಆರಿಸಿ, ಜನರೇಟರ್ ಹಾಕಿ, ಫ್ಲೋಟನ್ನು ಕೋಲಿನಿಂದ ಎತ್ತಿ ನೋಡಿದಾಗಲೇ ಸತ್ಯ ಗೊತ್ತಾಗುವುದು. ಮನೆಯ ಇನ್ವರ್ಟರಿಗೆ ಒಂದು ಎಚ್‌ಪಿ ಪಂಪ್ ಕಟ್ಟುವ ಆಸೆ ಬಿಡಿ. ಶುರುವಾಗುವ ಕ್ಷಣದಲ್ಲಿ ಮೋಟಾರ್ ಎಳೆಯುವ ಕರೆಂಟ್ ಓಡುವಾಗಿನದಕ್ಕಿಂತ ಹಲವು ಪಟ್ಟು. ಪೆಟ್ರೋಲ್ ಅಥವಾ ಡೀಸೆಲ್ ಪಂಪನ್ನು ತುರ್ತಿಗೆ ತರಿಸಿದರೆ ಎಂಜಿನ್ ಹೊರಗೇ ಇರಲಿ. ಅದರ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಬೇಸ್‌ಮೆಂಟಿನಲ್ಲಿ ಅದು ಜೀವ ತೆಗೆಯುತ್ತದೆ.

2025ರ ಮೇ ತಿಂಗಳಲ್ಲಿ ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟೊಂದರಲ್ಲಿ ನೆಲಮಾಳಿಗೆಯ ಮಳೆನೀರನ್ನು ಮೋಟಾರಿನಿಂದ ಹೊರಹಾಕಲು ಹೋಗಿ ಇಬ್ಬರು ವಿದ್ಯುತ್ ತಗುಲಿ ಸತ್ತರು. ಅವರಲ್ಲಿ ಒಬ್ಬ ಹುಡುಗ. ಹಾಗಾಗಿ ಈ ಭಾಗದಲ್ಲಿ ಚೌಕಾಶಿ ಬೇಡ: ಪಂಪಿನ ಸಾಲಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನೇ ಆರಿಸುವ ಸ್ವಿಚ್ಚು), ಸರಿಯಾದ ಅರ್ಥಿಂಗ್, ಪ್ಯಾನೆಲ್ ನೆಲಮಹಡಿಯಲ್ಲಿ. ನೀರು ನಿಂತ ಬೇಸ್‌ಮೆಂಟಿಗೆ ಕಾಲಿಡುವ ಮೊದಲು ಮೇಲಿನಿಂದಲೇ ಅಲ್ಲಿನ ಎಲ್ಲ ವಿದ್ಯುತ್ ಆರಿಸಬೇಕು. ಪ್ಲಗ್ ಹಿಡಿದು ನೀರಿಗೆ ಇಳಿಯುವ ಧೈರ್ಯವಂತರನ್ನು ರಟ್ಟೆ ಹಿಡಿದು ನಿಲ್ಲಿಸಿ.

ಹೆಜ್ಜೆ 6: ಗುಂಡಿ

ಗುಂಡಿ ಚಿಕ್ಕದಾದರೆ ಮೋಟಾರ್ ಕ್ಷಣಕ್ಕೊಮ್ಮೆ ಶುರುವಾಗಿ ನಿಂತು, ವೈಂಡಿಂಗ್ ಕಾದು ಸುಡುತ್ತದೆ. ಒಳಬರುವ ನೀರು ಪಂಪಿನ ಸಾಮರ್ಥ್ಯದ ಸರಿಯಾಗಿ ಅರ್ಧವಿದ್ದಾಗ ಈ ಕಾಟ ಅತಿ ಹೆಚ್ಚು. ಲೆಕ್ಕ ಹೀಗೆ: ನಿಮಿಷಕ್ಕೆ 300 ಲೀಟರಿನ ಪಂಪ್ ಗಂಟೆಗೆ 12 ಸಲಕ್ಕಿಂತ ಹೆಚ್ಚು ಶುರುವಾಗಬಾರದು ಎಂದರೆ ಪ್ರತಿ ಸುತ್ತಿಗೆ 5 ನಿಮಿಷ. 300ನ್ನು 5ರಿಂದ ಗುಣಿಸಿ 4ರಿಂದ ಭಾಗಿಸಿದರೆ 375 ಲೀಟರ್. ಪಂಪ್ ಶುರುವಾಗುವ ಮಟ್ಟಕ್ಕೂ ನಿಲ್ಲುವ ಮಟ್ಟಕ್ಕೂ ನಡುವೆ ಇಷ್ಟು ನೀರಿರಬೇಕು. ನಮ್ಮ 1.2 ಮೀಟರ್ ಚೌಕದ ಗುಂಡಿಯಲ್ಲಿ ಅದು 26 ಸೆಂಟಿಮೀಟರ್ ಅಂತರ.

ಪಂಪನ್ನು ತಳದ ಮೇಲೆ ನೇರವಾಗಿ ಕೂರಿಸದೆ ಅರ್ಧ ಅಡಿ ಎತ್ತರದ ಕಟ್ಟೆ ಕಟ್ಟಿಸಿ. ಹೂಳು ಕೆಳಗೆ ಉಳಿಯುತ್ತದೆ. ನೀರು ಗುಂಡಿಗೆ ಬೀಳುವ ಮುನ್ನ ಕೆಸರು ತಂಗುವ ಸಣ್ಣ ತೊಟ್ಟಿಯಿದ್ದರೆ ಇನ್ನೂ ಒಳ್ಳೆಯದು. ಡೆಲಿವರಿ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಇಲ್ಲದಿದ್ದರೆ ಪಂಪ್ ನಿಂತ ಕೂಡಲೇ ಪೈಪಿನಲ್ಲಿದ್ದ ನೀರೆಲ್ಲ ವಾಪಸು ಬರುತ್ತದೆ. ವಾಲ್ವ್ ಹಾಕಿಸಿದ ಮೇಲೆ ಪಂಪಿಗೂ ವಾಲ್ವಿಗೂ ನಡುವೆ, ಗುಂಡಿಯೊಳಗೇ, 3 ಮಿ.ಮೀ. ರಂಧ್ರವೊಂದನ್ನು ಕೊರೆಸಿ. ಖಾಲಿಯಾದ ಪಂಪಿನಲ್ಲಿ ಗಾಳಿ ಸಿಕ್ಕಿಹಾಕಿಕೊಂಡರೆ ಮೋಟಾರ್ ಗುಂಯ್‌ಗುಡುತ್ತದೆ, ನೀರು ಬರುವುದಿಲ್ಲ. ಈ ರಂಧ್ರ ಗಾಳಿಗೆ ಬಾಗಿಲು. ಅದರಿಂದ ನೀರು ಚಿಮ್ಮುವುದನ್ನು ಕಂಡು ನಮ್ಮ ಪ್ಲಂಬರ್ "ಸೋರಿಕೆ" ಎಂದು ಎಂಸೀಲ್ ಮೆತ್ತಿಬಿಟ್ಟಿದ್ದರು! ಮತ್ತೆ ಕೊರೆಸಬೇಕಾಯಿತು.

ಹೆಜ್ಜೆ 7: ನೀರನ್ನು ಎಲ್ಲಿಗೆ ಬಿಡಬೇಕು?

ಒಳಚರಂಡಿಗೆ ಬಿಡುವಂತಿಲ್ಲ. ಮಳೆನೀರನ್ನು ಅದಕ್ಕೆ ಸೇರಿಸುವುದನ್ನು ಜಲಮಂಡಳಿ ನಿಷೇಧಿಸಿದೆ. ಮ್ಯಾನ್‌ಹೋಲ್ ಉಕ್ಕಿ ನಮ್ಮ ಮನೆಗೇ ಬರುವುದು ಆ ನೀರೇ. ರಸ್ತೆಬದಿಯ ಮಳೆನೀರು ಚರಂಡಿಗೆ, ಅದು ತುಂಬಿ ಹರಿದಾಗಲೂ ಪೈಪಿನ ಬಾಯಿ ಮುಳುಗದಷ್ಟು ಎತ್ತರದಲ್ಲಿ ಬಿಡಿ. ಜಿನುಗುವ ತಿಳಿನೀರನ್ನು ಚೆಲ್ಲಲು ಮನಸ್ಸಾಗುವುದಿಲ್ಲ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದಾಗ, ಅದುವರೆಗೆ ನಾವು ಶಪಿಸುತ್ತಿದ್ದ ಗುಂಡಿಯ ನೀರಿಗೆ ಬಕೆಟ್ ಹಿಡಿದು ಸಾಲು ನಿಂತೆವು. ಈಗ ಕವಲು ಪೈಪು ಹಾಕಿಸಿ ಗಿಡಗಳಿಗೂ ಬಿಡುತ್ತಿದ್ದೇವೆ.

ಹೆಜ್ಜೆ 8: ವರ್ಷಕ್ಕೆ ಮೂರು ದಿನ ತಪಾಸಣೆ

ಏಪ್ರಿಲ್‌ನಲ್ಲಿ ಒಮ್ಮೆ: ಹೊಂಗೆಯ ಹೂವು ಉದುರಿ ಇಳಿಜಾರಿನ ಜಾಲರಿಯ ಮೇಲೆ ಚಾಪೆಯಂತೆ ಹಾಸಿಕೊಂಡಿರುತ್ತದೆ, ಮುಂಗಾರುಪೂರ್ವ ಮಳೆ ಅದರ ಬೆನ್ನಿಗೇ ಬರುತ್ತದೆ. ಆಗಸ್ಟ್ ಕೊನೆಯಲ್ಲಿ ಒಮ್ಮೆ, ಏಕೆಂದರೆ ನಮ್ಮೂರಿನ ದೊಡ್ಡ ಮಳೆಯ ತಿಂಗಳುಗಳು ಸೆಪ್ಟೆಂಬರ್, ಅಕ್ಟೋಬರ್. ಮೂರನೆಯದು ಆಯುಧಪೂಜೆಯ ಸಂಜೆ. ಬಾಳೆಕಂದು, ಕುಂಬಳಕಾಯಿ, ನಿಂಬೆಹಣ್ಣು ಗುಡಿಸುವವರೆಗೆ ಯಾರ ಕಾರೂ ಹೊರಡಬಾರದು ಎಂದು ಸಂಘದಲ್ಲಿ ಠರಾವು ಮಾಡಿದ್ದೇವೆ.

ಆ ಮೂರು ದಿನವೂ ಗುಂಡಿಯನ್ನು ಮೇಲಿನ ಗೆರೆಯವರೆಗೆ ತುಂಬಿಸಿ, ಒಂದೊಂದೇ ಪಂಪ್ ಓಡಿಸಿ, ಕೆಳಗಿನ ಗೆರೆಗೆ ಬರಲು ಹಿಡಿಯುವ ಸಮಯವನ್ನು ವಾಚ್‌ಮನ್ ಪುಸ್ತಕದಲ್ಲಿ ಬರೆಯುತ್ತಾರೆ. ಹೊಸತರಲ್ಲಿ ಎರಡಕ್ಕೂ ಒಂದು ನಿಮಿಷ ಇಪ್ಪತ್ತು ಸೆಕೆಂಡು. ಕಳೆದ ಆಗಸ್ಟಿನಲ್ಲಿ ಒಂದನೆಯ ಪಂಪ್ ಎರಡು ನಿಮಿಷ ಹತ್ತು ಸೆಕೆಂಡು ತೆಗೆದುಕೊಂಡಿತು. ಸದ್ದಿನಲ್ಲಿ ವ್ಯತ್ಯಾಸವಿರಲಿಲ್ಲ, ನೀರೂ ಬರುತ್ತಿತ್ತು. ಸರಪಳಿಯಲ್ಲಿ ಎತ್ತಿ ತಳದ ಜಾಲರಿ ಬಿಚ್ಚಿದಾಗ ಇಂಪೆಲ್ಲರಿನ ಬಾಯಿಗೆ ಅರ್ಧ ಲೀಟರ್ ಹಾಲಿನ ಕವರೊಂದು ಮಡಿಸಿಟ್ಟಂತೆ ಅಂಟಿಕೊಂಡಿತ್ತು.